ಮಾಸ್ತರನ ಮುಖ

“ಗುರುಗಳೇ, ಮಕ್ಕಳಿಗೆ ನಾನು ಇನ್ನೂ ಏನು ಕಲಿಸಬೇಕು?” ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಆ ಗುರುವಿನ ಹಳೆಯ ಶಿಷ್ಯ. ಕಲ್ಲುಗಣಿಯ ಪಕ್ಕದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದ. ಕಲ್ಲು ಒಡೆಯುವವರ ಮಕ್ಕಳನ್ನು ಕಾಲೇಜಿಗೆ ಕಳಿಸಿಯೇ ತೀರಬೇಕೆಂದು ಹಟ ತೊಟ್ಟು, ಶಾಲೆ ಬಿಟ್ಟ ಮೇಲೂ ಅವರನ್ನು ಕೂರಿಸಿಕೊಳ್ಳುತ್ತಿದ್ದ. ಈಗ ಅವನ ಕಣ್ಣುಗಳು ಗುಳಿ ಬಿದ್ದಿದ್ದವು.

“ಗಣಿತ ಹೇಳಿಕೊಟ್ಟೆ, ಇಂಗ್ಲಿಷ್ ಹೇಳಿಕೊಟ್ಟೆ. ಅಪರಿಚಿತರ ಮುಂದೆ ನಿಂತು ಮಾತಾಡುವುದನ್ನೂ ಹೇಳಿಕೊಟ್ಟೆ. ಆದರೂ ಅವರು ತಯಾರಾಗಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಏನೋ ಒಂದು ಬಿಟ್ಟುಹೋಗಿದೆ. ಅದೇನೆಂದು ತಿಳಿಯದೆ ಅನ್ನ ಸೇರುತ್ತಿಲ್ಲ” ಎಂದ.

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಸಮುದ್ರದ ನೀರನ್ನು ಕಟ್ಟಿ ಉಪ್ಪು ತೆಗೆಯುವ ಆಗರವೊಂದು ಇತ್ತು. ಆಗರದಲ್ಲಿ ದುಡಿಯುವವರ ಕೇರಿ ಅದರ ಆಚೆ ತುದಿಯಲ್ಲಿತ್ತು. ಕೇರಿಗೆ ಹೋಗಲು ಒಂದೇ ದಾರಿ, ನೀರಿನ ನಡುವೆ ಹಾಕಿದ ಮಣ್ಣಿನ ಒಡ್ಡು. ಒಡ್ಡು ಶುರುವಾಗುವ ಕಡೆ ಹೈಸ್ಕೂಲು ಇತ್ತು. ಹೈಸ್ಕೂಲಿಗೆ ತಾಗಿ ಒಬ್ಬ ಮಾಸ್ತರನ ಮನೆ ಇತ್ತು. ಕೇರಿಗೆ ಹೋಗುವವರು, ಕೇರಿಯಿಂದ ಬರುವವರು ಎಲ್ಲರೂ ಅವನ ಜಗಲಿಯ ಮುಂದೆಯೇ ಹಾದುಹೋಗಬೇಕಿತ್ತು.

ಆ ಕೇರಿಯ ಮಕ್ಕಳು ಹತ್ತನೆಯ ತರಗತಿಯವರೆಗೆ ಬರುತ್ತಿದ್ದರು. ಅಲ್ಲಿಗೆ ನಿಲ್ಲುತ್ತಿದ್ದರು. ಪರೀಕ್ಷೆ ನಡೆಯುವ ಬೇಸಿಗೆಯೇ ಉಪ್ಪು ಕೂಡುವ ಕಾಲ. ಆಗ ಆಗರಕ್ಕೆ ಎಲ್ಲ ಕೈಗಳೂ ಬೇಕು. ಮಕ್ಕಳು ಬೆಳಗಿನಿಂದ ಉಪ್ಪು ಎಳೆದು, ಕಾಲು ಬಿರಿದು, ಪರೀಕ್ಷೆಯ ಹಾಲಿಗೆ ಬಂದು ತೂಕಡಿಸುತ್ತಿದ್ದರು.

ಮಾಸ್ತರನಿಗೆ ಇದನ್ನು ನೋಡಲಾಗಲಿಲ್ಲ. ಅವನು ಮನೆಮನೆಗೆ ಹೋದ. ಪರೀಕ್ಷೆ ಮುಗಿಯುವವರೆಗೆ ಮಕ್ಕಳನ್ನು ಬಿಟ್ಟುಕೊಡಿ ಎಂದು ಬೇಡಿಕೊಂಡ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಒಪ್ಪಿದರು. ಒಪ್ಪಿದವರ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ, ಶಾಲೆಯ ಗಂಟೆಗೆ ಮೊದಲೂ ಗಂಟೆಯ ನಂತರವೂ ಪಾಠ ಹೇಳಿದ. ಹಸಿದವರಿಗೆ ಗಂಜಿ ಹಾಕಿದ.

ಅವನು ಯಾರಿಗೂ ಹೊಡೆಯುತ್ತಿರಲಿಲ್ಲ. ಗದರಿಸುತ್ತಲೂ ಇರಲಿಲ್ಲ. ಯಾರಾದರೂ ತಪ್ಪು ಉತ್ತರ ಹೇಳಿದರೆ ಅವನ ಮುಖ ಇಳಿದುಹೋಗುತ್ತಿತ್ತು, ಅಷ್ಟೇ. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು ಆಗರದ ಕಡೆ ನೋಡುತ್ತ ನಿಂತುಬಿಡುತ್ತಿದ್ದ. ಈ ಮಗುವೂ ಅಲ್ಲಿಗೇ ಹೋಗುವುದೇನೋ ಎಂದು ಅವನಿಗೆ ಭಯವಾಗುತ್ತಿತ್ತು. ಆ ದಿನ ಅವನು ಊಟ ಮಾಡುತ್ತಿರಲಿಲ್ಲ.

ಮಕ್ಕಳಿಗೆ ಅವನೆಂದರೆ ಪ್ರಾಣ. ಆ ಮುಖವನ್ನು ನೋಡುವುದಕ್ಕಿಂತ ಎರಡು ಏಟು ತಿಂದರೆ ವಾಸಿ ಎಂದು ಅವರಿಗೆ ಅನ್ನಿಸುತ್ತಿತ್ತು. ಆದ್ದರಿಂದ ಅವರು ತಪ್ಪುಗಳನ್ನು ಅವನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಲು ಕಲಿತರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರು. ಪಕ್ಕದವರದ್ದನ್ನು ನೋಡಿ ಬರೆದರು. ಲೆಕ್ಕ ಬರದಿದ್ದರೆ ಅಂದು ಜ್ವರವೆಂದು ಮನೆಯಲ್ಲೇ ಉಳಿದರು. ಇದು ಮಾಸ್ತರನಿಗೆ ತಿಳಿಯಲಿಲ್ಲ. ಜಗಲಿಯ ಮೇಲೆ ತಪ್ಪುಗಳು ಕಡಿಮೆಯಾದದ್ದನ್ನು ಮಾತ್ರ ಅವನು ನೋಡಿದ. ನನ್ನ ಪಾಠ ತಲೆಗೆ ಹತ್ತುತ್ತಿದೆ ಎಂದುಕೊಂಡ.

ಆ ಕೇರಿಯಿಂದ ಮೊದಲು ಕಾಲೇಜಿಗೆ ಹೋದವನು ಜಟ್ಟಪ್ಪ. ಅವನ ಪೆಟ್ಟಿಗೆಯನ್ನು ಮಾಸ್ತರನೇ ಬಸ್ಸಿನ ಮೇಲೆ ಏರಿಸಿದ. ಹುಡುಗ ಮಳೆಗಾಲದ ಶುರುವಿನಲ್ಲಿ ಪೇಟೆಗೆ ಹೋದ. ಚೌತಿಹಬ್ಬದ ರಜೆಗೆ ಊರಿಗೆ ಬಂದ. ಮತ್ತೆ ಹೋಗಲಿಲ್ಲ. ದೋಣಿ ಏರಿ ಮೀನು ಹಿಡಿಯಲು ಹೊರಟ. ಉಪ್ಪಿನ ಕಾಲ ಬಂದಾಗ ಆಗರಕ್ಕೆ ಇಳಿದ. ಒಡ್ಡಿನ ಮೇಲೆ ಮಾಸ್ತರ ಎದುರಾದರೆ ನೀರಿಗಿಳಿದು ಬದಿಯಿಂದ ದಾಟಿಹೋಗುತ್ತಿದ್ದ. ಹುಡುಗನಿಗೆ ನಾಚಿಕೆಯಾಗಿದೆ ಎಂದು ಮಾಸ್ತರ ಸುಮ್ಮನಾದ. ಏಕೆ ಬಂದೆ ಎಂದು ಕೇಳಲೇ ಇಲ್ಲ. ಕೇಳುವುದು ಏನಿದೆ? ಪೇಟೆಯ ಮಕ್ಕಳು ನಕ್ಕಿರಬೇಕು. ಇಂಗ್ಲಿಷ್ ಅರ್ಥವಾಗಿರಲಿಕ್ಕಿಲ್ಲ. ನನ್ನ ತಯಾರಿ ಸಾಲಲಿಲ್ಲ. ಅವನು ಹಾಗೆ ತೀರ್ಮಾನಿಸಿಬಿಟ್ಟ.

ಮರುವರ್ಷ ಅವನು ದುಪ್ಪಟ್ಟು ಕಲಿಸಿದ. ಆ ವರ್ಷ ಜಗಲಿಯ ಮೇಲೆ ಮಾದೇವಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಬೀರಮ್ಮ ಆಗರದಲ್ಲಿ ಉಪ್ಪಿನ ಬುಟ್ಟಿ ಹೊರುವವಳು. ತಂದೆ ಇರಲಿಲ್ಲ. ಮಾದೇವಿ ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಮಾಸ್ತರ ಅವಳ ಮೇಲೆ ಎಲ್ಲ ಆಸೆಯನ್ನೂ ಇಟ್ಟ. ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದ. ಪಾಠ ನಡೆಯುವಾಗಲೇ ಟಿಪ್ಪಣಿ ಬರೆದುಕೊಳ್ಳುವುದನ್ನು ಕಲಿಸಿದ. ಪೇಟೆಗೆ ಕರೆದುಕೊಂಡು ಹೋಗಿ ಕಾಲೇಜಿನ ಗೇಟು ತೋರಿಸಿದ, ಹಾಸ್ಟೆಲು ತೋರಿಸಿದ, ಗ್ರಂಥಾಲಯದಲ್ಲಿ ಪುಸ್ತಕ ಕೇಳಿ ಪಡೆಯುವ ಬಗೆ ತೋರಿಸಿದ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪ್ರತಿಯೊಂದರ ಕೊನೆಗೂ ಅವನು ಒಂದು ಮಾತು ಸೇರಿಸುತ್ತಿದ್ದ.

“ಎಚ್ಚರ ತಪ್ಪಬೇಡ, ಮಾದೇವಿ. ಜಟ್ಟಪ್ಪನಿಗೆ ಆದದ್ದು ನಿನಗೆ ಆಗಬಾರದು.”

ಹುಡುಗಿ ತಲೆಯಾಡಿಸುತ್ತಿದ್ದಳು. ಬರಬರುತ್ತ ಅವಳ ಮಾತು ಕಡಿಮೆಯಾಯಿತು. ಮಾಸ್ತರ ಅದನ್ನು ಗಾಂಭೀರ್ಯವೆಂದು ತಿಳಿದ.

ಮಾದೇವಿ ಪಾಸಾದಳು. ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಬೀರಮ್ಮ ಮಾಸ್ತರನ ಜಗಲಿಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಇನ್ನು ಅವಳು ನಿಮ್ಮ ಮಗಳು, ಮಾಸ್ತರೇ” ಎಂದಳು. ಆ ಮಾತು ಕೇಳಿ ಅವನಿಗೆ ಸಂತೋಷವಾಗಲಿಲ್ಲ. ದಿಗಿಲಾಯಿತು.

ಅವಳು ಹೋದ ಮೇಲೆ ಅವನ ದಿಗಿಲು ಬೆಳೆಯಿತು. ಪೇಟೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಾಸ್ಟೆಲಿಗೆ ಮತ್ತೆ ಮತ್ತೆ ಮಾತು ಹೇಳಿ ಕಳಿಸಿದ. ಚೆನ್ನಾಗಿ ಓದು. ಕೇರಿಯ ಎಲ್ಲರ ಕಣ್ಣೂ ನಿನ್ನ ಮೇಲಿದೆ. ಮೊದಲ ಟೆಸ್ಟಿನಲ್ಲೇ ಹೆಸರು ತೆಗೆದುಕೊಳ್ಳಬೇಕು. ಮಾತು ತಲುಪಿತು ಎಂದು ಕಂಡಕ್ಟರ ಹೇಳುತ್ತಿದ್ದ. ಅವಳಿಂದ ತಿರುಗಿ ಮಾತು ಬರಲಿಲ್ಲ.

ಚೌತಿ ಹತ್ತಿರವಾಯಿತು. ಮೊದಲ ಟೆಸ್ಟಿನ ಅಂಕಗಳು ಬರುವ ಹೊತ್ತು ಅದು. ಜಟ್ಟಪ್ಪ ತಿರುಗಿ ಬಂದದ್ದೂ ಇದೇ ಹೊತ್ತಿಗೆ. ಮಾಸ್ತರನಿಗೆ ತರಗತಿಯಲ್ಲಿ ಮನಸ್ಸು ನಿಲ್ಲದಾಯಿತು. ಹಲಗೆಯ ಮೇಲೆ ಅರ್ಧ ಬರೆದು ಮುಂದೇನೆಂದು ಮರೆಯುತ್ತಿದ್ದ. ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ಅವನು ಕೇರಿಗೆ ಹೋಗಿ ಒಡ್ಡಿನ ಮೇಲೆ ಬರುತ್ತಿದ್ದಾಗ ಜಟ್ಟಪ್ಪ ಎದುರಿಗೆ ಕಂಡ. ಹುಡುಗ ಎಂದಿನ ಹಾಗೆ ನೀರಿಗಿಳಿದ. ಮಾಸ್ತರನೂ ಚಪ್ಪಲಿ ಬಿಟ್ಟು ನೀರಿಗಿಳಿದ. ಮೊಣಕಾಲ ನೀರಿನಲ್ಲಿ ಅವನಿಗೆ ಅಡ್ಡ ನಿಂತ.

“ಜಟ್ಟಪ್ಪ, ಕಾಲೇಜಿನಲ್ಲಿ ನಿನಗೆ ಏನು ಮಾಡಿದರು?”

“ಯಾರೂ ಏನೂ ಮಾಡಲಿಲ್ಲ, ಮಾಸ್ತರೇ.”

“ನಕ್ಕರೇ? ಬೈದರೇ?”

“ಇಲ್ಲ. ಒಳ್ಳೆಯವರೇ ಇದ್ದರು.”

“ಹಾಗಾದರೆ ಏಕೆ ಬಂದೆ?”

ಜಟ್ಟಪ್ಪ ಬಲೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. “ಮೊದಲ ಟೆಸ್ಟಿನಲ್ಲಿ ಗಣಿತದಲ್ಲಿ ಫೇಲಾದೆ. ಫೇಲಾದವರು ಬಹಳ ಜನ ಇದ್ದರು. ಅವರೆಲ್ಲ ಕ್ಯಾಂಟೀನಿಗೆ ಹೋಗಿ ಚಾ ಕುಡಿದರು. ನನಗೆ ನಿಮ್ಮ ಮುಖ ನೆನಪಾಯಿತು. ಎರಡನೆಯ ಟೆಸ್ಟಿನಲ್ಲೂ ಹಾಗೇ ಆದರೆ ನಿಮ್ಮ ಎದುರಿಗೆ ಹೇಗೆ ಬರಲಿ ಎಂದು ಯೋಚಿಸಿದೆ. ಕಾಲೇಜು ಬಿಟ್ಟರೆ ನಿಮಗೆ ಒಂದೇ ಸಲ ಬೇಜಾರಾಗುತ್ತದೆ. ಬಿಡದಿದ್ದರೆ ಎಷ್ಟು ಸಲವೋ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾಸ್ತರನಿಗೆ ಮಾದೇವಿಯ ನೆನಪಾಯಿತು. ತಾನು ಹೇಳಿ ಕಳಿಸಿದ ಮಾತುಗಳು ಒಂದೊಂದೇ ನೆನಪಾದವು.

ಅವನು ಶಾಲೆಗೆ ಹೋಗಲಿಲ್ಲ. ಮನೆಗೆ ಬೀಗ ಹಾಕಿ, ಒದ್ದೆ ಪಂಚೆಯಲ್ಲೇ ಪೇಟೆಯ ಬಸ್ಸು ಹತ್ತಿದ. ದಾರಿಯಲ್ಲಿ ಮಳೆಗೆ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸುವವರೆಗೆ ಬಸ್ಸು ನಿಂತಿತು. ಎದುರಿನಿಂದ ಬರುತ್ತಿದ್ದ ಬಸ್ಸುಗಳೂ ಮರದ ಆಚೆ ನಿಂತಿದ್ದವು. ಮಾಸ್ತರ ಕುಳಿತಲ್ಲಿ ಕೂರಲಾರದೆ ಇಳಿದ, ಹತ್ತಿದ, ಮತ್ತೆ ಇಳಿದ. ಕಡಿಯುವವರ ಜೊತೆ ಕೈ ಹಾಕಿ ಕೊಂಬೆ ಎಳೆದ. ಹುಡುಗಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಯಾವ ಮಾತೂ ಸರಿಯಾಗಲಿಲ್ಲ. ಎಲ್ಲ ಮಾತೂ ಪಾಠದ ಹಾಗೆಯೇ ಕೇಳಿಸುತ್ತಿತ್ತು.

ಹಾಸ್ಟೆಲಿನ ಮೇಲ್ವಿಚಾರಕಿ ಬಾಗಿಲಲ್ಲೇ ಸಿಕ್ಕಳು. “ಮಾದೇವಿಯೇ? ಬೆಳಿಗ್ಗೆಯೇ ಊರಿಗೆ ಹೋದಳಲ್ಲ. ಮೈ ಸರಿಯಿಲ್ಲ ಎಂದಳು. ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋದಳು. ಹಬ್ಬಕ್ಕೆ ಹೋಗುವವರು ಪೆಟ್ಟಿಗೆ ಯಾಕೆ ಒಯ್ಯುತ್ತಾರೆ ಎಂದು ನಾನೂ ಅಂದುಕೊಂಡೆ” ಎಂದಳು. ಟೆಸ್ಟಿನ ವಿಷಯ ಕೇಳಿದ್ದಕ್ಕೆ, ನಿನ್ನೆ ಅಂಕಗಳನ್ನು ಹೇಳಿದರಂತೆ ಎಂದಳು.

ಮರದ ಆಚೆ ನಿಂತಿದ್ದ ಬಸ್ಸುಗಳಲ್ಲಿ ಒಂದರಲ್ಲಿ ಅವಳು ಕುಳಿತಿದ್ದಿರಬೇಕು. ಅವನು ಒಂದನ್ನೂ ಹತ್ತಿ ನೋಡಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದ. ಸಂಜೆಯಾಗುತ್ತಿದ್ದಾಗ ಇಳಿದು, ಒಡ್ಡಿನ ಮೇಲೆ ಓಡುತ್ತ ಬೀರಮ್ಮನ ಮನೆಗೆ ಹೋದ. ಬೀರಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು.

“ಹುಡುಗಿ ಹಬ್ಬಕ್ಕೆ ಯಾವತ್ತು ಬರುತ್ತಾಳೆ, ಮಾಸ್ತರೇ? ಅವಳಿಗೆಂದು ಕಡುಬಿಗೆ ಅಕ್ಕಿ ಹಸನು ಮಾಡುತ್ತಿದ್ದೇನೆ.”

ಮಾದೇವಿ ಮನೆಗೆ ಬಂದಿಲ್ಲ. ಮಾಸ್ತರ ಏನೋ ಒಂದು ಮಾತು ಹೇಳಿ ಅಲ್ಲಿಂದ ಹೊರಬಿದ್ದ. ಸಮುದ್ರ ಉಕ್ಕುವ ಹೊತ್ತು, ಭರತದ ನೀರು ಒಡ್ಡಿನ ಅಂಚಿಗೆ ಬಂದಿತ್ತು. ಆ ನೀರನ್ನು ನೋಡಬಾರದು ಎಂದುಕೊಂಡರೂ ಅವನ ಕಣ್ಣು ನೀರಿನ ಮೇಲೆಯೇ ಓಡಿತು. ತೇಲುತ್ತಿದ್ದ ಒಂದು ಹಳೆಯ ಬುಟ್ಟಿಯನ್ನು ಕಂಡು ಕೂಗಿಕೊಂಡ.

ಕೂಗು ಕೇಳಿ ಜಟ್ಟಪ್ಪ ದೋಣಿಯ ಕಡೆಯಿಂದ ಬಂದ. ಮಾಸ್ತರ ತೊದಲುತ್ತ ವಿಷಯ ಹೇಳಿದ. ಹುಡುಗ ಸ್ವಲ್ಪ ಯೋಚಿಸಿದ.

“ಬಸ್ಸು ನಿಲ್ಲುವ ಕಡೆ ಇರುವ ಉಪ್ಪಿನ ಗೋದಾಮಿನ ಹಿಂದೆ ನೋಡಿದಿರಾ?”

“ಅಲ್ಲಿ ಏಕೆ?”

“ಬಸ್ಸು ಇಳಿದು ಕೇರಿಗೆ ಬರಬೇಕೆಂದರೆ ನಿಮ್ಮ ಜಗಲಿಯ ಮುಂದೆ ಬರಬೇಕಲ್ಲ. ನಾನು ಕತ್ತಲಾಗಲಿ ಎಂದು ಅಲ್ಲೇ ಕೂತಿದ್ದೆ.”

ಇಬ್ಬರೂ ಗೋದಾಮಿನ ಕಡೆಗೆ ನಡೆದರು. ಮಳೆಗಾಲದಲ್ಲಿ ಗೋದಾಮು ಬರಿದಾಗಿರುತ್ತದೆ, ಆ ಕಡೆ ಯಾರೂ ಸುಳಿಯುವುದಿಲ್ಲ. ಗೋಡೆಯ ಹತ್ತಿರ ಬಂದಾಗ ಜಟ್ಟಪ್ಪ ನಿಂತುಕೊಂಡ. ಮಾಸ್ತರ ಒಬ್ಬನೇ ಹಿಂದಕ್ಕೆ ಹೋದ.

ಮಾದೇವಿ ಸೂರಿನ ಕೆಳಗೆ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಅವನನ್ನು ಕಂಡು ತಟ್ಟನೆ ಎದ್ದಳು. ಪೆಟ್ಟಿಗೆ ಕಾಣದ ಹಾಗೆ ಅದರ ಮುಂದೆ ನಿಂತಳು. ಲಂಗದ ಅಂಚು ಒದ್ದೆಯಾಗಿತ್ತು. ಅವಳು ಅವನ ಮುಖವನ್ನು ನೋಡಿದಳು, ಕೂಡಲೇ ಕಣ್ಣು ಮುಚ್ಚಿಕೊಂಡಳು. ಏಟಿಗೆ ಕಾಯುವವರು ಹಾಗೆ ಕಣ್ಣು ಮುಚ್ಚುತ್ತಾರೆ.

ಅವಳು ಜೀವಂತ ಇದ್ದಾಳೆ. ಅದೊಂದೇ ಸಾಕಿತ್ತು. ಆದರೂ ಅವನ ನಾಲಗೆಯ ತುದಿಗೆ ಬಂದದ್ದು ಎಷ್ಟು ಅಂಕ ಬಂತು ಎಂಬ ಪ್ರಶ್ನೆ. ತನ್ನ ಮುಖ ಇಳಿಯುತ್ತಿರುವುದು ಅವನಿಗೆ ಆ ದಿನ ಮೊದಲ ಬಾರಿಗೆ ಗೊತ್ತಾಯಿತು. ಅದನ್ನು ತಡೆಯಲು ಅವನಿಗೆ ಬರುತ್ತಿರಲಿಲ್ಲ. ಎಷ್ಟೋ ಪಾಠ ಕಲಿಸಿದವನಿಗೆ ತನ್ನ ಮುಖವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಒದ್ದೆ ನೆಲದ ಮೇಲೆ ಕುಳಿತುಬಿಟ್ಟ.

“ಬೆಳಿಗ್ಗೆಯಿಂದ ಏನಾದರೂ ತಿಂದೆಯಾ?” ಎಂದು ಕೇಳಿದ.

ಹುಡುಗಿ ಕಣ್ಣು ತೆರೆದಳು. ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅಳು ಬಂತು. “ಕೆಮಿಸ್ಟ್ರಿಯಲ್ಲಿ ಹೋಯಿತು, ಮಾಸ್ತರೇ” ಎಂದಳು.

“ಹೋಗಲಿ” ಎಂದ ಮಾಸ್ತರ.

ಆ ಮಾತನ್ನು ಅವನು ಆವರೆಗೆ ಯಾವ ಮಗುವಿಗೂ ಹೇಳಿರಲಿಲ್ಲ. ಮಾದೇವಿ ತಾನು ಕೇಳಿದ್ದು ಸರಿಯೇ ಎಂದು ಅವನನ್ನೇ ನೋಡಿದಳು. ಅವನು ಎದ್ದು ಪೆಟ್ಟಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡ. ಅವಳನ್ನು ಮುಂದೆ ಬಿಟ್ಟು, ತಾನು ಹಿಂದೆ ನಡೆದ. ಬೀಗ ಹಾಕಿದ ತನ್ನ ಮನೆಯನ್ನು ದಾಟಿ, ಒಡ್ಡಿನ ಮೇಲೆ ಹಾದು, ಬೀರಮ್ಮನ ಬಾಗಿಲಿಗೆ ಅವಳನ್ನು ಮುಟ್ಟಿಸಿದ. ಬೀರಮ್ಮನಿಗೆ ಇರುವುದನ್ನು ಇರುವ ಹಾಗೆ ಹೇಳಿದ. ಬೀರಮ್ಮನೂ ಅತ್ತಳು. ಆಮೇಲೆ ಅನ್ನ ಬಡಿಸಿದಳು.

ಹಬ್ಬ ಮುಗಿಯಿತು. ಮಾಸ್ತರ ಹೋಗು ಎನ್ನಲಿಲ್ಲ. ಹೋಗಬೇಡ ಎಂದೂ ಅನ್ನಲಿಲ್ಲ. ಸುಮ್ಮನಿರುವುದು ಅವನಿಗೆ ಬಹಳ ಕಷ್ಟವಾಯಿತು. ರಜೆ ಮುಗಿಯುವ ದಿನ ಮಾದೇವಿ ತಾನೇ ಜಗಲಿಗೆ ಬಂದಳು.

“ಇನ್ನೊಂದು ಸಲ ಫೇಲಾದರೆ ಬಂದು ನಿಮಗೆ ಹೇಳಬಹುದಾ?” ಎಂದು ಕೇಳಿದಳು.

“ಬಂದು ಹೇಳು. ನನಗೆ ಬೇಜಾರಾದರೆ ಅದು ನನ್ನ ಪಾಡು. ನೀನು ಅದನ್ನು ಹೊರಬೇಡ” ಎಂದ.

ಅವಳು ಹೋದಳು. ಎರಡನೆಯ ಟೆಸ್ಟಿನಲ್ಲಿ ಮತ್ತೆ ಫೇಲಾದಳು. ಆ ಶನಿವಾರವೇ ಬಸ್ಸು ಹತ್ತಿ, ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. ಹಗಲು ಹೊತ್ತಿನಲ್ಲಿ ಬಂದಳು. ನೇರ ಜಗಲಿ ಹತ್ತಿದಳು. ತಪ್ಪು ಎಲ್ಲಿ ಆಯಿತೆಂದು ಇಬ್ಬರೂ ಕುಳಿತು ಹುಡುಕಿದರು. ಅವಳಿಗೆ ಹೈಸ್ಕೂಲಿನ ಪಾಠಗಳಲ್ಲೇ ಕೆಲವು ಅರ್ಥವಾಗಿರಲಿಲ್ಲ. ಆಗ ಅರ್ಥವಾಯಿತು ಎಂದು ತಲೆಯಾಡಿಸಿದ್ದಳು. ಅಲ್ಲಿಂದ ಮತ್ತೆ ಶುರು ಮಾಡಿದರು. ವರ್ಷದ ಪರೀಕ್ಷೆಯಲ್ಲಿ ಅವಳು ಅಂಚಿನಲ್ಲಿ ಪಾಸಾದಳು. ಮುಂದಿನ ವರ್ಷ ಇನ್ನೂ ಚೆನ್ನಾಗಿ ಪಾಸಾದಳು. ಮುಂದೆ ಡಿಗ್ರಿಯನ್ನೂ ಮುಗಿಸಿದಳು.

ಜಟ್ಟಪ್ಪ ಮಾತ್ರ ತಿರುಗಿ ಹೋಗಲಿಲ್ಲ. ಮಾಸ್ತರ ಅವನ ಮನೆಗೆ ಹೋಗಿ ಎಷ್ಟೋ ಸಲ ಕೇಳಿಕೊಂಡ. ಅವನು ನಗುತ್ತ, ನೋಡೋಣ ಮಾಸ್ತರೇ, ಎಂದು ದೋಣಿ ನೂಕುತ್ತಿದ್ದ. ಆದರೆ ಒಡ್ಡಿನ ಮೇಲೆ ಎದುರಾದಾಗ ನೀರಿಗಿಳಿಯುವುದನ್ನು ಬಿಟ್ಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಅಡಿವೆಪ್ಪನ ಮುಖ ಅರಳಿತ್ತು. “ತಿಳಿಯಿತು, ಗುರುಗಳೇ. ಸೋಲನ್ನು ಎದುರಿಸುವ ಧೈರ್ಯ. ನಾನು ಕಲಿಸದೆ ಬಿಟ್ಟದ್ದು ಅದೇ. ನಾಳೆಯಿಂದಲೇ ಅದನ್ನೂ ಪಾಠದಲ್ಲಿ ಸೇರಿಸುತ್ತೇನೆ. ಒಬ್ಬರೂ ತಪ್ಪದ ಹಾಗೆ ಕಲಿಸುತ್ತೇನೆ” ಎಂದ.

ಗುರುಗಳು ಅವನನ್ನು ನೋಡಿ ಕೇಳಿದರು:

“ನನಗೆ ಇದು ಬರುವುದಿಲ್ಲ ಎಂದು ಒಂದು ಮಗು ತಾನಾಗಿ ನಿನ್ನ ಹತ್ತಿರ ಬಂದು ಹೇಳಿದ್ದು ಯಾವತ್ತು, ಅಡಿವೆಪ್ಪಾ?”